ಲಾರಿ ಅಡ್ಡೆ: ಭಾರದ ಮಾಲು ತಾನಾಗಿ ಕೂರುತ್ತದೆಯೇ?

*ಹೊಸದಾಗಿ ಟ್ರೇಲರ್ ಕೊಂಡಿದ್ದೇನೆ. 20 ಟನ್ನಿನ ಒಂದೇ ಉಕ್ಕಿನ ಕಾಯಿಲ್ (ಸುರುಳಿ ಸುತ್ತಿದ ತಗಡು) ಹೇರಿ ತೋರಣಗಲ್ಲಿನಿಂದ ಬೆಂಗಳೂರಿಗೆ ಓಡಿಸುತ್ತೇವೆ. ಚಾಲಕ ಮೂರು ಬೆಲ್ಟ್ ಮಾತ್ರ ಬಿಗಿಯುತ್ತಾನೆ. ‘ಒಂದೊಂದೂ 5 ಟನ್ನಿನದು, 15 ಆಯಿತಲ್ಲ. ಮಿಕ್ಕಿದ್ದನ್ನು ಅದರ ಭಾರವೇ ಹಿಡಿಯುತ್ತದೆ’ ಎನ್ನುತ್ತಾನೆ. ಸರಿಯೇ ಅಣ್ಣಾ?*
– ಹೆಸರು ಬೇಡ, ಸಂಡೂರು

ನಾನು ಕ್ಲೀನರ್ ಆಗಿದ್ದಾಗ ನಮ್ಮ ಉಸ್ತಾದರೂ ಇದೇ ಲೆಕ್ಕ ಹೇಳುತ್ತಿದ್ದರು. ಕೂಡ್ಲಿಗಿ ದಾಟಿದ ಮೇಲೆ ಒಂದು ಬೆಳಗ್ಗೆ ಕುರಿಹಿಂಡು ಅಡ್ಡ ಬಂತು. ಉಸ್ತಾದರು ಬ್ರೇಕ್ ಒತ್ತಿದರು. ಗಾಡಿ ನಿಂತಿತು, ಕಾಯಿಲ್ ನಿಲ್ಲಲಿಲ್ಲ. ಬೆನ್ನ ಹಿಂದೆ ‘ಕರ್‌ರ್’ ಎಂದ ಸದ್ದು ಈಗಲೂ ಕಿವಿಯಲ್ಲಿದೆ. ಇಳಿದು ನೋಡಿದರೆ ಒಂದು ಗೇಣು ಮುಂದೆ ಬಂದಿತ್ತು. ಅಡ್ಡ ಕೊಟ್ಟಿದ್ದ ಬೆಣೆ ಹಪ್ಪಳವಾಗಿತ್ತು. ಕುರಿಗಳೂ ಬದುಕಿದವು, ನಾವೂ ಬದುಕಿದೆವು. ಇನ್ನೊಂದು ಗೇಣು ಜಾರಿದ್ದರೆ ಈ ಅಂಕಣವನ್ನು ಬೇರೆ ಯಾರಾದರೂ ಬರೆಯುತ್ತಿದ್ದರು.

ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುವುದು ನಿಜ. ಆದರೆ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಬಲವೂ ಅಷ್ಟೇ ಪಾಲು ಹೆಚ್ಚುತ್ತದೆ. ಜೋರು ಬ್ರೇಕಿಗೆ ಮಾಲಿನ ತೂಕದ ಶೇ 80ರಷ್ಟು ಬಲ ಮುಂದಕ್ಕೆ, ತಿರುವಿನಲ್ಲಿ ಶೇ 50ರಷ್ಟು ಪಕ್ಕಕ್ಕೆ ಎಂದು ಲೆಕ್ಕ ಹಿಡಿದು ಕಟ್ಟಬೇಕು. ನಿಮ್ಮ ಕಾಯಿಲಿಗೆ ಅದು ಮುಂದಕ್ಕೆ 16 ಟನ್. ಒಣ ಮರದ ಮೇಲೆ ಕೂತ ಉಕ್ಕು ಸುಮಾರು ಶೇ 40, ಅಂದರೆ 8 ಟನ್ ಹಿಡಿಯುತ್ತದೆ. ಎಣ್ಣೆ ಬಿದ್ದ ಕಬ್ಬಿಣದ ತಳವಾದರೆ ಎರಡು ಟನ್ ಹಿಡಿದರೆ ಪುಣ್ಯ. ಮರವೇ ಇದೆ ಎಂದುಕೊಳ್ಳೋಣ. ಇನ್ನು 8 ಟನ್ ಯಾರು ಹಿಡಿಯಬೇಕು?

ನಿಮ್ಮ ಮೂರು ಬೆಲ್ಟುಗಳಲ್ಲ. ‘5 ಟನ್’ ಎಂದರೆ ಅದು ಬೆಲ್ಟ್ ಹರಿದುಹೋಗುವ ಅಂಕೆ. ಕೈಯಲ್ಲಿ ಬೆಲ್ಟ್ ಬಿಗಿಯುವ ರಾಚೆಟ್ ಹಿಡಿಕೆ ಎಳೆದರೆ ಬೆಲ್ಟಿನಲ್ಲಿ ಹುಟ್ಟುವ ಬಿಗಿತ 300ರಿಂದ 500 ಕಿಲೊ. ಮಾಲಿನ ನೆತ್ತಿಯ ಮೇಲೆ ಹಾಯಿಸಿದರೆ ಎರಡೂ ಬದಿ ಸೇರಿ 800 ಕಿಲೊ ಕೆಳಕ್ಕೆ ಒತ್ತೀತು. ಅದರ ಶೇ 40 ಎಂದರೆ 320 ಕಿಲೊ. ಈ ಲೆಕ್ಕದಲ್ಲಿ 8 ಟನ್ನಿಗೆ ಇಪ್ಪತ್ತೈದು ಬೆಲ್ಟ್ ಬೇಕು! ಚಾಲಕನನ್ನು ಕೂರಿಸಿಕೊಂಡು ಈ ಗುಣಾಕಾರವನ್ನು ಅವನ ಕೈಯಲ್ಲೇ ಮಾಡಿಸಿ.

ಕಾಯಿಲಿಗೆ ಚೈನೇ ಸರಿ. 80ನೇ ದರ್ಜೆಯ 10 ಮಿ.ಮೀ. ಚೈನು ನೇರ ಎಳೆತಕ್ಕೆ 6.3 ಟನ್ ತಡೆಯುತ್ತದೆ, ಓರೆಯಾದಷ್ಟೂ ಕಡಿಮೆ. ಕಾಯಿಲಿನ ಕಣ್ಣನ್ನು, ಅಂದರೆ ನಡುವಿನ ತೂತನ್ನು, ಮುಂದೆ–ಹಿಂದೆ ನೋಡುವಂತೆ ಇಳಿಸಿ. ಕಣ್ಣು ಪಕ್ಕಕ್ಕಿದ್ದರೆ ಅದು ಚಕ್ರವಾಗಿ ಕ್ಯಾಬಿನ್ನಿನ ಕಡೆಗೇ ಉರುಳುತ್ತದೆ. ಎರಡೂ ಬದಿಗೆ ಉದ್ದ ದಿಮ್ಮಿ, ದಿಮ್ಮಿ ಜರುಗದಂತೆ ಬೆಣೆ, ಕಾಯಿಲಿನ ಮುಂದೆ ಅಡ್ಡ ತೊಲೆ. ಕಣ್ಣಿನೊಳಗಿಂದ ಗುಣಾಕಾರದ ಚಿಹ್ನೆಯಂತೆ ಎರಡು ಚೈನು, ನೆತ್ತಿಯ ಮೇಲೆ ಅಡ್ಡಲಾಗಿ ಒಂದು: ಒಂಟಿ ಕಾಯಿಲಿಗೆ ಇದು ಕನಿಷ್ಠ. 20 ಟನ್ನಿಗೆ ನಾನು ಓರೆ ಚೈನುಗಳನ್ನು ನಾಲ್ಕು ಮಾಡಿಸುತ್ತೇನೆ. ಅಡಿಗೆ ಒಳ್ಳೆಯ ರಬ್ಬರ್ ಹಾಳೆ ಹಾಸಿದರೆ ಹಿಡಿತ ಶೇ 60ಕ್ಕೆ ಏರುತ್ತದೆ. ಇಷ್ಟು ಅಗ್ಗದ ವಿಮೆ ಬೇರೆಲ್ಲೂ ಸಿಗದು. ಆದರೂ ನಮ್ಮವರು ಹಾಸುವುದಿಲ್ಲ, ಏಕೋ!

ಹೊರಟ ಮೇಲೆ ದಿಮ್ಮಿ ಅದುಮಿಕೊಂಡು ಚೈನು ಸಡಿಲವಾಗುತ್ತದೆ. ಅಮೆರಿಕದಲ್ಲಿ ಮೊದಲ 80 ಕಿ.ಮೀ.ಯೊಳಗೆ ಇಳಿದು ನೋಡಬೇಕೆಂದು ನಿಯಮವೇ ಇದೆ. ನಿಮ್ಮವನು ಹೊಸಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿಯೇ ನಿಲ್ಲಿಸುತ್ತಾನೆ. ಲೋಟ ಹಿಡಿಯುವ ಮೊದಲು ಚೈನು ಹಿಡಿದು ನೋಡಲಿ.

*ಕಬ್ಬಿಣದ ಸರಳು ಹಿಂದಕ್ಕೆ ಚಾಚಿದ್ದರೆ ಕೆಂಪು ಬಟ್ಟೆ ಕಟ್ಟಿದರೆ ಸಾಕೇ?*
– ಓದುಗರು, ಕೊಪ್ಪಳ

ಸಾಲದು. ಮಾಲು ಗಾಡಿಯಿಂದ ಹೊರಗೆ ಚಾಚಿದ್ದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ. ಸರಳಿನ ಸಾಮಾನ್ಯ ಉದ್ದ 12 ಮೀಟರ್, 40 ಅಡಿ ಟ್ರೇಲರಿನಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತದೆ. ಚಿಕ್ಕ ಗಾಡಿಗೆ ತುರುಕುವುದೇಕೆ? ಇನ್ನೊಂದು ಮಾತು: ಮೇಲಿಂದ ಮಾತ್ರ ಬಿಗಿದರೆ ಕಟ್ಟಿನ ನಡುವಿನ ಸರಳುಗಳು ಬಾಣದಂತೆ ಮುಂದಕ್ಕೆ ಹೊರಡುತ್ತವೆ. ಚೈನನ್ನು ಕಟ್ಟಿನ ಸುತ್ತ ಪೂರ್ತಿ ಒಂದು ಸುತ್ತು ತಂದು ಆಮೇಲೆ ಬಿಗಿಯಿರಿ.

*ಟಾರ್ಪಾಲ್ ಬಿಗಿಯಾಗಿ ಕಟ್ಟಿದರೆ ಮಾಲು ನಿಲ್ಲುವುದಿಲ್ಲವೇ?*
– ಓದುಗರು, ಹಿರಿಯೂರು

ಇಲ್ಲ. ಟಾರ್ಪಾಲ್ ಇರುವುದು ಮಳೆಗೆ.

*ಹರಿದ ಬೆಲ್ಟನ್ನು ಗಂಟು ಹಾಕಿ ಬಳಸಬಹುದೇ?*
– ಓದುಗರು, ಗಂಗಾವತಿ

ಗಂಟು ಬಿದ್ದಲ್ಲಿ ಬೆಲ್ಟಿನ ಬಲ ಅರ್ಧಕ್ಕರ್ಧ ಇಳಿಯುತ್ತದೆ. ಹಾಸಿಗೆ ಸುತ್ತಿ ಕಟ್ಟಲು ಕ್ಲೀನರಿಗೆ ಕೊಟ್ಟುಬಿಡಿ.