ಓದುಗರ ಪ್ರಶ್ನೆ: ಬಯಲುಸೀಮೆಯಿಂದ ಕಡಲಿಗೆ ಹೋಗುವವರಿಗೆ

ರಜೆ ಹತ್ತಿರವಾದಂತೆ ಕಡಲ ಪ್ರವಾಸದ ಬಗ್ಗೆ ಪತ್ರಗಳು ಹೆಚ್ಚುತ್ತವೆ. ಈ ಸಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವನ್ನಷ್ಟೇ ಆರಿಸಿಕೊಂಡಿದ್ದೇವೆ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ತೀರಿಕೊಂಡರು. ಅದು ಮಳೆಗಾಲವೇನಲ್ಲ. ವರ್ಷದಲ್ಲಿ ಒಮ್ಮೆ ಕಡಲು ನೋಡುವ ನಮ್ಮ ಕಡೆಯ ಕುಟುಂಬಗಳಿಗೆ ಕಡಲತೀರದಲ್ಲಿ ಹುಟ್ಟಿ ಬೆಳೆದವರಿಗಿರುವ ತಿಳಿವಳಿಕೆ ಇರುವುದಿಲ್ಲ. ಹಾಗಾಗಿ ಉತ್ತರಗಳು ಕೊಂಚ ಉದ್ದವಾಗಿವೆ.

ಚಿಕ್ಕಂದಿನಿಂದ ಬಾವಿಯಲ್ಲಿ, ಈಗ ಕೃಷಿ ಹೊಂಡದಲ್ಲಿ ಚೆನ್ನಾಗಿ ಈಜುತ್ತೇನೆ. ಕಡಲಲ್ಲಿ ಎದೆಮಟ್ಟದ ನೀರಿಗೆ ಹೋಗುತ್ತೇನೆಂದರೆ ಮನೆಯವರು ಬಿಡುವುದಿಲ್ಲ. ಅಷ್ಟು ಹೆದರಬೇಕೇ? – ಚಿಂತಾಮಣಿ

ಮನೆಯವರ ಮಾತು ಕೇಳಿ. ಬಾವಿಯಲ್ಲಿ ನೀರು ನಿಂತಿರುತ್ತದೆ, ನಾಲ್ಕು ಕೈ ಬೀಸಿದರೆ ಮೆಟ್ಟಿಲೋ ಕಟ್ಟೆಯೋ ಸಿಗುತ್ತದೆ. ಕಡಲಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ನೀವು ಕೈಕಾಲು ಆಡಿಸದಿದ್ದರೂ ನಿಮ್ಮ ಜಾಗ ಬದಲಾಗುತ್ತಲೇ ಇರುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರವಾದ್ದರಿಂದ ಮೈ ಸ್ವಲ್ಪ ಸುಲಭವಾಗಿ ತೇಲುತ್ತದೆ. ಬಾವಿ ಈಜುಗಾರರಿಗೆ ಮೊದಲ ಐದು ನಿಮಿಷ ಇಲ್ಲದ ಧೈರ್ಯ ಬರುವುದು ಇದರಿಂದಲೇ. ಆಮೇಲೆ ಒಂದು ಅಲೆ ಮುಖಕ್ಕೆ ಹೊಡೆದು ಉಪ್ಪುನೀರು ಗಂಟಲಿಗಿಳಿದರೆ ಕೆಮ್ಮು ಬರುತ್ತದೆ, ಉಸಿರಿನ ಲಯ ತಪ್ಪುತ್ತದೆ, ತೋಳು ಸೋಲುತ್ತದೆ.

ಎದೆಮಟ್ಟ ಎಂಬ ಲೆಕ್ಕವೂ ಕಡಲಲ್ಲಿ ನಿಲ್ಲುವುದಿಲ್ಲ. ಅಲೆ ಏರಿದಾಗ ಅದು ತಲೆ ದಾಟುತ್ತದೆ, ಕಾಲು ನೆಲ ಬಿಡುತ್ತದೆ, ಅಲೆ ಇಳಿದಾಗ ನೀವು ಎರಡು ಹೆಜ್ಜೆ ಆಚೆ ಇರುತ್ತೀರಿ. ಅಲ್ಲಿ ಮರಳಿನ ದಿಬ್ಬ ಮುಗಿದು ತಗ್ಗು ಶುರುವಾಗಿದ್ದರೆ ನಿಲ್ಲಲು ನೆಲವೇ ಇಲ್ಲ. ಒಂದು ಘನ ಮೀಟರ್ ಕಡಲ ನೀರು ಸುಮಾರು 1,025 ಕೆ.ಜಿ. ತೂಗುತ್ತದೆ, ಒಡೆಯುವ ಅಲೆ ಮೊಣಕಾಲಿಗೆ ಬಡಿದರೂ ಗಟ್ಟಿ ಆಳು ಬೀಳುತ್ತಾನೆ. ಆದ್ದರಿಂದ ಸೊಂಟದ ಮಟ್ಟವೇ ಗಡಿ, ಅದೂ ಲೈಫ್‌ಗಾರ್ಡ್ ಇರುವ ಕಡೆ. ಬಾವಿ ದಂಡೆಯಿಂದ ಹಾರಿ ಅಭ್ಯಾಸವಾದವರು ಅಲೆಯೊಳಗೆ ತಲೆ ಮುಂದಾಗಿ ಧುಮುಕುವುದೂ ಉಂಟು. ಅಲೆಯ ಕೆಳಗೆ ಮರಳು ಒಂದೇ ಅಡಿಯಲ್ಲಿರಬಹುದು, ಕತ್ತಿನ ಮೂಳೆ ಮುರಿಯುವುದು ಹೀಗೆಯೇ.

ಇನ್ನೊಂದು ಮಾತು. ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು, ನಿದ್ದೆಯಿಲ್ಲದೆ, ಬೆಳಗ್ಗೆ ಏಳಕ್ಕೆಲ್ಲ ಸೀದಾ ನೀರಿಗೆ ಓಡಬೇಡಿ. ಆ ಹೊತ್ತಿಗೆ ಲೈಫ್‌ಗಾರ್ಡ್ ಬಂದಿರುವುದಿಲ್ಲ, ಮೈಯಲ್ಲಿ ಕಸುವೂ ಇರುವುದಿಲ್ಲ. ಕುಡಿದವರಂತೂ ಆ ದಿನ ನೀರಿನ ಹತ್ತಿರ ಸುಳಿಯಲೇಬಾರದು.

ಸೆಳವು ಸೆಳವು ಎನ್ನುತ್ತಾರೆ. ಅದು ದಡದಲ್ಲಿ ನಿಂತವರ ಕಣ್ಣಿಗೆ ಕಾಣುತ್ತದೆಯೇ? ಸಿಕ್ಕಿಕೊಂಡರೆ ಏನು ಮಾಡುವುದು? – ತಿಪಟೂರು

ಕಾಣುತ್ತದೆ, ಆದರೆ ಏನನ್ನು ನೋಡಬೇಕೆಂದು ಗೊತ್ತಿರಬೇಕು. ಅಲೆಗಳು ಒಂದರ ಹಿಂದೊಂದು ದಡಕ್ಕೆ ನೀರು ತಂದು ಸುರಿಯುತ್ತವೆ. ಆ ನೀರು ವಾಪಸ್ ಹೋಗಲೇಬೇಕು. ಕೆರೆ ತುಂಬಿದಾಗ ಏರಿಯುದ್ದಕ್ಕೂ ನಿಂತ ನೀರು ಕೋಡಿಯಲ್ಲೇ ನುಗ್ಗುವಂತೆ, ಇಲ್ಲೂ ನೀರು ಮರಳ ದಿಬ್ಬದ ನಡುವಿನ ತಗ್ಗನ್ನು ಹುಡುಕಿ ಅಲ್ಲಿಂದ ರಭಸವಾಗಿ ಹೊರಗೆ ಹರಿಯುತ್ತದೆ. ಅದೇ ಸೆಳವು, ಪತ್ರಿಕೆಗಳು ರಿಪ್ ಕರೆಂಟ್ ಎನ್ನುವುದೂ ಇದನ್ನೇ. ಸಾಮಾನ್ಯವಾಗಿ ಅದರ ಅಗಲ ಹತ್ತಿಪ್ಪತ್ತು ಮೀಟರ್. ಜೋರಿದ್ದಾಗ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟುತ್ತದೆ. ಹೆಚ್ಚೂಕಡಿಮೆ ಒಲಿಂಪಿಕ್ ಈಜುಗಾರರ ವೇಗ ಅದು. ನಮ್ಮ ನಿಮ್ಮಂಥವರಿಗೆ ಸೆಕೆಂಡಿಗೆ ಒಂದು ಮೀಟರ್ ದಾಟುವುದೇ ಕಷ್ಟ. ಎದುರು ಈಜಿದವರು ಸೋಲುವುದು ಅದಕ್ಕೇ.

ಎತ್ತರದ ಜಾಗದಲ್ಲಿ ನಿಂತು ಹತ್ತು ಹದಿನೈದು ನಿಮಿಷ ಸುಮ್ಮನೆ ನೋಡಿ. ಎಡಕ್ಕೂ ಬಲಕ್ಕೂ ಅಲೆ ಒಡೆದು ಬಿಳಿ ನೊರೆ ಏಳುತ್ತಿದ್ದು, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಕಡುಬಣ್ಣದಲ್ಲಿ ಶಾಂತವಾಗಿ ಕಂಡರೆ ಅದೇ ಸೆಳವು. ಅಲ್ಲಿ ಅಲೆ ಒಡೆಯದಿರಲು ಕಾರಣ ಆಳ. ನೊರೆ, ಕಸ, ಕದಡಿದ ಮರಳು ಆ ಪಟ್ಟಿಯಲ್ಲಿ ಹೊರಮುಖವಾಗಿ ತೇಲಿ ಹೋಗುತ್ತಿರುತ್ತದೆ. ಮಕ್ಕಳನ್ನು ಆಡಿಸಲು ತಂದೆತಾಯಂದಿರು ಆರಿಸುವುದು ಎಷ್ಟೋ ಸಲ ಇದೇ ಜಾಗವನ್ನು, ಅಲೆ ಕಡಿಮೆ ಇದೆಯಲ್ಲ ಎಂದು. ನಮ್ಮ ಮಟ್ಟಿಗೆ ಈ ಅಂಕಣದಲ್ಲಿ ನೆನಪಿಡಬೇಕಾದ ಒಂದೇ ಸಂಗತಿ ಇದ್ದರೆ ಇದು: ಒಡೆಯುವ ಅಲೆಗಳ ನಡುವಿನ ಶಾಂತ ಪಟ್ಟಿಗೆ ಮಕ್ಕಳನ್ನು ಇಳಿಸಬೇಡಿ.

ಬಂಡೆಯ ಪಕ್ಕ, ಬಂದರಿನ ಕಲ್ಲುದಿಬ್ಬದ ಪಕ್ಕ ಸೆಳವು ಹೆಚ್ಚುಕಡಿಮೆ ಕಾಯಂ. ಉಳ್ಳಾಲದ ಸೋಮೇಶ್ವರದಲ್ಲಿ ಬಂಡೆಗಳ ಬಳಿ ನೀರಿಗಿಳಿಯಬೇಡಿ ಎಂದು ಎಚ್ಚರಿಸುವುದು ಸುಮ್ಮನೆ ಅಲ್ಲ. ನದಿ ಕಡಲು ಸೇರುವ ಅಳಿವೆಗಳಲ್ಲಿ – ಹೊನ್ನಾವರದಲ್ಲಿ ಶರಾವತಿ, ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ-ಸೀತಾ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ – ಇಳಿತದ ಹೊತ್ತಿಗೆ ನದಿಯ ನೀರೂ ಕಡಲ ನೀರೂ ಸೇರಿ ಹೊರಗೆ ನುಗ್ಗುತ್ತವೆ. ಫೋಟೊಗೆ ಎಷ್ಟೇ ಚೆಂದವಿದ್ದರೂ ಅಳಿವೆಯಲ್ಲಿ ಈಜು ಬೇಡ.

ಸಿಕ್ಕಿಕೊಂಡಿರಿ ಎನ್ನಿ. ಸೆಳವು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಜನರನ್ನು ಮುಳುಗಿಸುವುದು ಗಾಬರಿ ಮತ್ತು ಸುಸ್ತು. ಮೊದಲು ಅಂಗಾತ ಮಲಗಿ, ಕಿವಿ ನೀರೊಳಗೆ, ಗಲ್ಲ ಮೇಲಕ್ಕೆ, ಕೈ ಅಗಲಿಸಿ ತೇಲಿ. ಉಸಿರು ಹಿಡಿತಕ್ಕೆ ಬಂದ ಮೇಲೆ ಒಂದು ಕೈ ಎತ್ತಿ ಬೀಸಿ, ಕೂಗಿ. ಅನೇಕ ಸೆಳವುಗಳು ಅಲೆ ಒಡೆಯುವ ಸಾಲು ದಾಟಿದ ಮೇಲೆ ಕುಂದುತ್ತವೆ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಬಿಳಿ ನೊರೆ ಕಾಣುವ ಕಡೆಗೆ ಈಜಿ. ನೊರೆ ಇರುವಲ್ಲಿ ದಿಬ್ಬವಿದೆ, ಅಲ್ಲಿನ ಅಲೆಗಳೇ ನಿಮ್ಮನ್ನು ದಡದತ್ತ ತಳ್ಳುತ್ತವೆ. ಒಂದು ದಿಕ್ಕಿನಲ್ಲಿ ಈಜು ಸಾಗದಿದ್ದರೆ ಹಟ ಹಿಡಿಯದೆ ಇನ್ನೊಂದು ದಿಕ್ಕಿಗೆ ತಿರುಗಿ, ಇಲ್ಲವೇ ತೇಲುತ್ತಾ ಸಹಾಯಕ್ಕೆ ಕಾಯಿರಿ.

ದಡದಲ್ಲಿರುವವರಿಗೆ: ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮೂವರು ಹೋಗುವುದು ಹೀಗೆ. ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಕರೆ ಮಾಡಿ, ಮುಳುಗುತ್ತಿರುವವರಿಂದ ಕಣ್ಣು ತೆಗೆಯದೆ ಬೆರಳು ತೋರಿಸುತ್ತ ನಿಲ್ಲಲು ಒಬ್ಬರನ್ನು ನೇಮಿಸಿ. ಮುಚ್ಚಳ ಬಿಗಿದ ಖಾಲಿ 5 ಲೀಟರ್ ನೀರಿನ ಕ್ಯಾನ್ ಎಸೆಯಿರಿ. ಎದೆಗವಚಿಕೊಂಡರೆ ಅದು ವಯಸ್ಕರೊಬ್ಬರ ಮೂಗು-ಬಾಯಿ ನೀರಿನ ಮೇಲಿರಲು ಸಾಕು. ಕಡಲಿಗೆ ಹೋಗುವಾಗ ಇಂಥ ಎರಡು ಕ್ಯಾನ್, ಹಗ್ಗದ ಸಮೇತ, ಗಾಡಿಯಲ್ಲಿರಲಿ.

ಕುಟುಂಬದ ಹನ್ನೊಂದು ಜನಕ್ಕೆ ಬೀಚ್ ರೆಸಾರ್ಟ್ ಬುಕ್ ಮಾಡಬೇಕು. 'ಪ್ರೈವೇಟ್ ಬೀಚ್' ಇರುವುದೇ ಒಳ್ಳೆಯದಲ್ಲವೇ? – ಮಾಲೂರು

ಜನ ಕಡಿಮೆ ಎಂಬುದು ಅನುಕೂಲವಲ್ಲ. ಜನ ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಲೈಫ್‌ಗಾರ್ಡ್ ಕೂಡ ಇರುವುದಿಲ್ಲ. ಮುಂಗಡ ಕೊಡುವ ಮೊದಲು ಫೋನಿನಲ್ಲೇ ಕೇಳಿ: ಲೈಫ್‌ಗಾರ್ಡ್ ಇದ್ದಾರೆಯೇ, ಎಷ್ಟು ಗಂಟೆಯಿಂದ ಎಷ್ಟರವರೆಗೆ? ಅವರಿಗೆ ಬೇರೆ ಕೆಲಸವೂ ಇದೆಯೇ? ಬಾವುಟ ನೆಡುತ್ತಾರೆಯೇ? ಅಳಿವೆ ಅಥವಾ ಬಂಡೆ ಎಷ್ಟು ದೂರ? ಹತ್ತಿರದ ಆಸ್ಪತ್ರೆ ಯಾವುದು? 'ಏನೂ ಆಗಲ್ಲ ಸಾರ್, ಎಲ್ಲಾ ಸೇಫ್' ಎಂಬುದಷ್ಟೇ ಉತ್ತರವಾದರೆ ಆ ಜಾಗದಲ್ಲಿ ಉಳಿದುಕೊಳ್ಳಿ, ಈಜಲು ಮಾತ್ರ ಲೈಫ್‌ಗಾರ್ಡ್ ಇರುವ ಸಾರ್ವಜನಿಕ ಬೀಚಿಗೆ ಹೋಗಿ. ಪಡುಬಿದ್ರಿ ಮತ್ತು ಹೊನ್ನಾವರ ಬಳಿಯ ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಲೈಫ್‌ಗಾರ್ಡ್, ಪ್ರಥಮ ಚಿಕಿತ್ಸೆಯ ಸಾಮಗ್ರಿ, ನೀರಿನ ಗುಣಮಟ್ಟದ ಪರೀಕ್ಷೆ ಆ ಮಾನ್ಯತೆಯ ಷರತ್ತುಗಳಲ್ಲಿ ಸೇರಿವೆ. ಹಾಗೆಂದು ಅಲ್ಲಿ ಕಡಲು ದಿನಾ ಶಾಂತವಾಗಿರುತ್ತದೆಂದು ಅರ್ಥವಲ್ಲ, ಆ ದಿನದ ಬಾವುಟ ನೋಡಿಯೇ ಇಳಿಯಬೇಕು. ಕೆಂಪು ಬಾವುಟವಿದ್ದರೆ ಪಾದ ಕೂಡ ಒದ್ದೆ ಮಾಡಬೇಡಿ. ಮೇಲರ್ಧ ಕೆಂಪು, ಕೆಳಗರ್ಧ ಹಳದಿಯ ಎರಡು ಬಾವುಟ ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಈಜಿ.

ರೆಸಾರ್ಟಿನ ಈಜುಕೊಳವನ್ನೂ ಮರೆಯಬೇಡಿ. ದೊಡ್ಡವರು ಕಡಲ ಕಡೆ ಮುಖ ಮಾಡಿ ಕಾಫಿ ಕುಡಿಯುತ್ತಿರುವಾಗ ಪುಟ್ಟ ಮಗು ಹಿಂದಿನ ಕೊಳಕ್ಕೆ ಜಾರಿದರೆ ಸದ್ದೇ ಆಗುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೂಗಲು ಉಸಿರಿರುವುದಿಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿದಿರಬಹುದು. ಹನ್ನೊಂದು ಜನರಲ್ಲಿ 'ಎಲ್ಲರೂ ನೋಡ್ತಾ ಇದ್ದಾರೆ' ಎಂದರೆ ಯಾರೂ ನೋಡುತ್ತಿಲ್ಲ ಎಂದೇ. ಪ್ರತಿ ಮಗುವಿಗೆ ಒಬ್ಬ ದೊಡ್ಡವರನ್ನು ಹೆಸರು ಹೇಳಿ ಒಪ್ಪಿಸಿ. ಅವರ ಕೈಯಲ್ಲಿ ಮೊಬೈಲ್ ಇರಕೂಡದು, ಮಗು ಕೈಗೆಟುಕುವಷ್ಟೇ ದೂರದಲ್ಲಿರಬೇಕು.

ದಸರಾ ರಜೆಯಲ್ಲಿ ಹೋಗಬಹುದೇ? – ಶಿರಾ

ಹೋಗಬಹುದು, ಆದರೆ ನೀರಿನ ವಿಷಯದಲ್ಲಿ ಜಿಪುಣರಾಗಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಕಡಲು ಈಜುವುದಕ್ಕಲ್ಲ. ಮಳೆಗಾಲದ ಅಲೆಗಳು ಕೊರೆದ ಮರಳು ದಡಕ್ಕೆ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಅಕ್ಟೋಬರ್‌ನಲ್ಲಿ ಮೇಲೆ ಬಿಸಿಲು ಹೊಳೆಯುತ್ತಿದ್ದರೂ ದಡ ಕಡಿದಾಗಿರಬಹುದು, ತಗ್ಗುಗಳು ಹಾಗೇ ಇರಬಹುದು. ಡಿಸೆಂಬರ್‌ನಿಂದ ಫೆಬ್ರುವರಿ ಎಲ್ಲಕ್ಕಿಂತ ಸೌಮ್ಯ. ಏಪ್ರಿಲ್-ಮೇ ತಿಂಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ದೂರದ ಬಿರುಗಾಳಿಗಳು ಎಬ್ಬಿಸಿದ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುತ್ತವೆ. ಕಡಲ ಸ್ಥಿತಿಯ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ನೋಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ-ಇಳಿತ ಎರಡೂ ಜೋರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆ ಹತ್ತು ಗಂಟೆಗೆ ಚೆನ್ನಾಗಿದ್ದ ಜಾಗ ನಾಳೆ ಹತ್ತಕ್ಕೆ ಹಾಗಿರುವುದಿಲ್ಲ.

ಗಾಳಿ ತುಂಬುವ ಟ್ಯೂಬ್, ತೋಳಿಗೆ ಹಾಕುವ ಬಲೂನ್ ಇದ್ದರೆ ಮಕ್ಕಳಿಗೆ ಸಾಕಲ್ಲವೇ? – ಗೌರಿಬಿದನೂರು

ಸಾಲದು. ಅವು ಆಟಿಕೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತದೆ. ಹಗುರ ಟ್ಯೂಬು ಆ ಗಾಳಿಗೆ ಮಗುವಿನ ಸಮೇತ ಹೊರಗೆ ಸಾಗುತ್ತದೆ, ನೀರು ತಿಳಿಯಾಗಿ ಕಾಣುತ್ತಿದ್ದರೂ. ಅಲೆ ಮಗುಚಿದರೆ ತಲೆ ಕೆಳಗಾಗಿ ಸಿಕ್ಕಿಕೊಳ್ಳುತ್ತದೆ. ಫೋಮ್ ತುಂಬಿದ ಲೈಫ್ ಜಾಕೆಟ್ ಕೊಳ್ಳಿ, ಮಗುವಿನ ವಯಸ್ಸಲ್ಲ, ತೂಕ ನೋಡಿ. ಕಾಲುಗಳ ನಡುವೆ ಬರುವ ಪಟ್ಟಿ ಇರಲೇಬೇಕು. ಎಲ್ಲ ಪಟ್ಟಿ ಬಿಗಿದು ಜಾಕೆಟ್ಟಿನ ಭುಜ ಹಿಡಿದು ಮಗುವನ್ನು ಮೇಲೆತ್ತಿ: ಜಾಕೆಟ್ಟು ಕಿವಿಯವರೆಗೆ ಜಾರಿದರೆ ಅದು ದೊಡ್ಡದಾಯಿತು. ಬೋಟಿಗೆ ಹತ್ತುವಾಗ ಅಲ್ಲಿ ಕೊಡುವ ಜಾಕೆಟ್ಟಿಗೂ ಇದೇ ಪರೀಕ್ಷೆ. ಈಜುಡುಪು ಕಿತ್ತಳೆ, ಗುಲಾಬಿ, ಹಳದಿ ಇರಲಿ. ನೀಲಿ, ಬಿಳಿ ಬಣ್ಣ ನೀರಿನಲ್ಲಿ ಕಾಣುವುದೇ ಇಲ್ಲ.

ಸೀರೆಯಲ್ಲೇ ನೀರಿಗಿಳಿಯಬಹುದೇ? – ಬಂಗಾರಪೇಟೆ

ಪಾದ ನೆನೆಸಲು ಅಡ್ಡಿಯಿಲ್ಲ. ಮೊಣಕಾಲು ದಾಟಿದರೆ ನೆರಿಗೆ ಕಾಲಿಗೆ ಸುತ್ತಿಕೊಂಡು ಬಿದ್ದವರು ಏಳಲಾಗದು. ಚೂಡಿದಾರದ ದುಪಟ್ಟಾ, ಜೀನ್ಸ್, ಪಂಚೆಯೂ ಹಾಗೆಯೇ. ಲೆಗಿಂಗ್ಸ್, ಟೀ ಶರ್ಟ್ ವಾಸಿ.

ಐವತ್ತು ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದೇವೆ. – ಶಿಕ್ಷಕರು, ಬಾಗೇಪಲ್ಲಿ

ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಮಕ್ಕಳನ್ನು ನೀರಿಗೆ ಬಿಡಬೇಡಿ, ಮೊಣಕಾಲಿನ ಮೇಲೆ ಬೇಡವೇ ಬೇಡ. ಶಿಕ್ಷಕರು ದಡದಲ್ಲಲ್ಲ, ಮಕ್ಕಳಿಗಿಂತ ಕಡಲಿನ ಕಡೆಗೆ, ದಡಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲಬೇಕು. ಒಬ್ಬರು ಪಕ್ಕದಲ್ಲಿ ನಿಂತು, ಬರುವ ಅಲೆ ನೋಡಿ ಸಿಳ್ಳೆ ಹಾಕಲಿ. ಮಕ್ಕಳನ್ನು ಜೋಡಿ ಮಾಡಿ, ಹತ್ತು ನಿಮಿಷಕ್ಕೊಮ್ಮೆ ಎಣಿಸಿ. ಲೈಫ್‌ಗಾರ್ಡ್ ಬೇಡವೆಂದರೆ ಬೇಡ, ಮಕ್ಕಳು ಎಷ್ಟೇ ಗೋಗರೆದರೂ. ಸಂಜೆ ಕತ್ತಲಾಗುವ ಹೊತ್ತಿಗೆ ತಲುಪುವ ಹಾಗಿದ್ದರೆ ಆ ದಿನ ಕಡಲನ್ನು ದೂರದಿಂದ ತೋರಿಸಿ, ಬೆಳಗ್ಗೆ ಕರೆತನ್ನಿ.

ಅಂಬಲಿ ಮೀನು (ಜೆಲ್ಲಿಫಿಶ್) ಕಚ್ಚಿದರೆ ಏನು ಹಚ್ಚಬೇಕು? – ಕೊರಟಗೆರೆ

ಅದು ಕಚ್ಚುವುದಿಲ್ಲ, ಅದರ ಎಳೆಗಳು ತಾಗಿದರೆ ವಿಷ ಇಳಿಯುತ್ತದೆ. ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆದು ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು, ಮರಳಿನಿಂದ ಉಜ್ಜುವುದು ಎರಡೂ ಉಳಿದ ವಿಷವನ್ನು ಸಿಡಿಸುತ್ತವೆ. ಬಳಿಕ ಸುಡದಷ್ಟು ಬಿಸಿಯ, 40ರಿಂದ 45 ಡಿಗ್ರಿಯ ನೀರಿನಲ್ಲಿ 20 ನಿಮಿಷಕ್ಕೂ ಹೆಚ್ಚು ಅದ್ದಿಡಿ. ವಿನೆಗರ್ ಕೆಲವು ಜಾತಿಗೆ ಹಿತ, ಕೆಲವಕ್ಕೆ ತಿರುಗುಬಾಣ. ಜಾತಿ ಗೊತ್ತಿಲ್ಲದಿದ್ದರೆ ಬಿಸಿನೀರೇ ಸಾಕು. ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆ.

ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಬದುಕುತ್ತಾರೆಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವೇ? – ಶ್ರೀನಿವಾಸಪುರ

ಸುಳ್ಳು, ಪ್ರಾಣ ತೆಗೆಯುವ ಸುಳ್ಳು. ಉಪ್ಪು ತರುವಷ್ಟರಲ್ಲಿ ಬದುಕಿಸಬಹುದಾದ ನಿಮಿಷಗಳು ಕಳೆದುಹೋಗುತ್ತವೆ. ಹೊಟ್ಟೆ ಅಮುಕುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು, ತಲೆಕೆಳಗಾಗಿ ಹಿಡಿಯುವುದೂ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಮುಳುಗಿದವರಿಗೆ ಬೇಕಾಗಿರುವುದು ಗಾಳಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಹತ್ತು ಸೆಕೆಂಡಿನೊಳಗೆ ಉಸಿರು ನೋಡಿ. ಉಸಿರಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ನೀವು ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಎದೆ ಏರುವಂತೆ 5 ಸಲ ಊದಿ. ನಂತರ ಎದೆಯ ನಡುವೆ ಎರಡೂ ಕೈಯಿಟ್ಟು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ. ಮತ್ತೆ 30, ಮತ್ತೆ 2. ಮಗುವಾದರೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಒತ್ತಿ. ಬಾಯಿಂದ ನೊರೆ ಬಂದರೆ ಒರೆಸುತ್ತ ಕೂರಬೇಡಿ, ಊದುತ್ತಿರಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ಬಾಯಿ ತೆರವು ಮಾಡಿ ಮುಂದುವರಿಸಿ. ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಲಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಎಚ್ಚರ ಬಂದು ಮಾತಾಡಿದರೂ ಆಸ್ಪತ್ರೆಗೆ ಒಯ್ಯಿರಿ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಮ್ಮು, ಏದುಸಿರು, ಮಂಪರು ಕೆಲವು ಗಂಟೆಗಳ ಮೇಲೆ ಹೆಚ್ಚಬಹುದು. ಕನಿಷ್ಠ 6ರಿಂದ 8 ಗಂಟೆ ವೈದ್ಯರ ಕಣ್ಣೆದುರಿಗಿರಲಿ. 'ಈಗ ಸರಿಯಾಗಿದ್ದಾನೆ' ಎಂದು ಅದೇ ರಾತ್ರಿ ಊರಿನ ಬಸ್ಸು ಹತ್ತಿಸಬೇಡಿ. ಘಾಟಿಯ ನಡುವೆ ಉಸಿರು ಕಟ್ಟಿದರೆ ಆಸ್ಪತ್ರೆ ಸಿಗುವುದು ಕಷ್ಟ.