ಆಳುಗುಂಡಿಗೆ ಹೊಸ ಮುಚ್ಚಳ ಹಾಕಿದರೆ ಸಾಕೇ?

ಪ್ರಶ್ನೆ: ಸೊಲ್ಲಾಪುರ ಜಿಲ್ಲೆಯ ಒಂದು ಪಟ್ಟಣದಲ್ಲಿ ಗುತ್ತಿಗೆ ಎಂಜಿನಿಯರಾಗಿ ಹೊಸದಾಗಿ ಸೇರಿದ್ದೇನೆ. ಸುಮಾರು 400 ಆಳುಗುಂಡಿಗಳನ್ನು (ಒಳಚರಂಡಿಯ ಮ್ಯಾನ್‌ಹೋಲ್‌ಗಳನ್ನು) ತಪಾಸಣೆ ಮಾಡಿ ದುರಸ್ತಿಯ ಪಟ್ಟಿ ಕೊಡಬೇಕು. ಮಳೆ ಬಂದಾಗ ಹಲವು ಉಕ್ಕಿ ಹರಿಯುತ್ತವೆ. ಎಲ್ಲದಕ್ಕೂ ಹೊಸ ಮುಚ್ಚಳ ಹಾಕಿಸಿ ಒಳಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೆ ಸಾಕು ಎಂದು ಮೇಲಿನವರು ಹೇಳುತ್ತಾರೆ. ಇದು ಸರಿಯೇ? ಎಲ್ಲಿಂದ ಆರಂಭಿಸಲಿ?

ಉತ್ತರ:

ಸಾಕಾಗುವುದಿಲ್ಲ. ನಾನು ಸೊಲ್ಲಾಪುರದವನು, ಇಪ್ಪತ್ತೆರಡು ವರ್ಷಗಳಿಂದ ಗಡಿಯ ಎರಡೂ ಕಡೆಯ ಪಟ್ಟಣಗಳಲ್ಲಿ ಒಳಚರಂಡಿಯ ಸರ್ವೆ ಮತ್ತು ದುರಸ್ತಿ ಮಾಡಿಸುತ್ತಿದ್ದೇನೆ. ಹೊಸ ಮುಚ್ಚಳ ಹಾಕಿದ ಮರುವರ್ಷವೇ ಅದೇ ಜಾಗದಲ್ಲಿ ಉಕ್ಕಿದ ಆಳುಗುಂಡಿಗಳನ್ನು ಎಷ್ಟೋ ಕಂಡಿದ್ದೇನೆ. ನಿಮ್ಮ 400ರಲ್ಲಿ ಹೆಚ್ಚಿನವು ಇಟ್ಟಿಗೆಯವು, ಎರೆಮಣ್ಣಿನಲ್ಲಿ ಕೂತವು ಎಂದುಕೊಂಡು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಇದನ್ನು ಕೇಳಿ. ತಪಾಸಣೆಗೆಂದು ಯಾರನ್ನೂ ಒಳಗೆ ಇಳಿಸಬೇಡಿ, ನೀವೂ ಇಳಿಯಬೇಡಿ. ‘ಐದೇ ನಿಮಿಷ, ನೋಡಿ ಬರುತ್ತೇನೆ’ ಎನ್ನುವ ಹುಡುಗ ಪ್ರತಿ ತಂಡದಲ್ಲೂ ಇರುತ್ತಾನೆ. ಅವನ ತೋಳು ಹಿಡಿದು ನಿಲ್ಲಿಸಿ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದದ್ದು, ತಳದಲ್ಲೇ ತಂಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅನಿಲವಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ನೂರು ಭಾಗ) ಮುಟ್ಟಿದಾಗ ಮೂಗು ಆ ವಾಸನೆಯನ್ನು ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವರು ಮೇಲೆ ಬರುವುದಿಲ್ಲ. ಅವರನ್ನು ಎತ್ತಲು ಹೋದವರೂ ಬರುವುದಿಲ್ಲ. ಕೈಯಿಂದ ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ, ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಸ್ವಚ್ಛಗೊಳಿಸಲು ಜನರನ್ನು ಇಳಿಸುವುದು ಮೊದಲ ಬಾರಿಗೇ ಎರಡು ವರ್ಷದವರೆಗಿನ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಸತ್ತ ಮೇಲೆ ಕೊಡುವ ಆ ಹಣದ ಒಂದು ಚೂರಿನಲ್ಲಿ ಆಮ್ಲಜನಕ, ಸುಡುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ನಾಲ್ಕನ್ನೂ ಅಳೆಯುವ ಯಂತ್ರ ಬರುತ್ತದೆ. ಅದನ್ನು ಕೊಡಿಸದೆ ಕೆಲಸ ಆರಂಭಿಸಲು ಒಪ್ಪಬೇಡಿ. ಹೊಸಬರೆಂದು ಸಂಕೋಚಪಡಬೇಡಿ.

ಇಳಿಯದೆ ನೋಡುವುದು ಹೇಗೆ? ಉದ್ದ ಕೋಲಿನ ತುದಿಗೆ ಕಟ್ಟುವ ಕ್ಯಾಮೆರಾ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಬಿಸಿಲು ಮತ್ತು ಎರಡು ಕನ್ನಡಿ ಸಾಕು. ಒಬ್ಬರು ದೊಡ್ಡ ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ತಿರುಗಿಸಿದರೆ ಹದಿನೈದು ಅಡಿ ಆಳದ ಇಟ್ಟಿಗೆಯ ಸಂದು ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಟರಿಯ ಬೆಳಕು ಅದರ ಮುಂದೆ ಏನೇನೂ ಅಲ್ಲ. ಮುಂದಿನ ಗುಂಡಿಯಿಂದ ಪೈಪಿನೊಳಗೆ ದೀಪ ತೋರಿಸಿ, ಈಚೆಯ ಗುಂಡಿಗೆ ಕೋಲಿನಿಂದ ಇಳಿಬಿಟ್ಟ ಕನ್ನಡಿಯಲ್ಲಿ ನೋಡಿ. ದೀಪ ಪೂರ್ಣ ದುಂಡಗೆ ಕಂಡರೆ ಪೈಪಿನ ಸಾಲು ನೇರವಾಗಿದೆ. ಅರ್ಧಚಂದ್ರವಾಗಿ ಕಂಡರೆ ಪೈಪ್ ಕುಸಿದಿದೆ ಅಥವಾ ಹೂಳು ತುಂಬಿದೆ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಕಡತ ಮರಾಠಿಯಲ್ಲಿ, ತಂಡದವರ ಮಾತು ಕನ್ನಡ ಮತ್ತು ತೆಲುಗಿನಲ್ಲಿ. ಎಲ್ಲರ ಬಾಯಲ್ಲೂ ಆಳುಗುಂಡಿಯೆಂದರೆ ‘ಚೇಂಬರ್’. ಒಬ್ಬರು ‘ಮಾರುತಿ ಗುಡಿಯ ಮುಂದಿನ ಚೇಂಬರ್’ ಎಂದು ಬರೆಯುತ್ತಾರೆ. ಊರಿನಲ್ಲಿ ಮಾರುತಿ ಗುಡಿ ನಾಲ್ಕಿರುತ್ತವೆ. ಇನ್ನೊಬ್ಬರು ಅದನ್ನೇ ‘ಗಿರಣಿ ಮೂಲೆ’ ಎನ್ನುತ್ತಾರೆ. ಗಿರಣಿ ಮುಚ್ಚಿ ವರ್ಷಗಳಾಗಿರುತ್ತವೆ. ಒಂದೇ ಗುಂಡಿ ಮೂರು ಹೆಸರಿನಲ್ಲಿ ಮೂರು ಸಲ ದುರಸ್ತಿಯಾಗಿ ಬಿಲ್ಲಾದದ್ದನ್ನೂ, ಪಕ್ಕದ್ದು ಯಾರ ಪಟ್ಟಿಗೂ ಸೇರದೆ ಉಳಿದದ್ದನ್ನೂ ನೋಡಿದ್ದೇನೆ. ಆದ್ದರಿಂದ ಮೊದಲ ವಾರ ದುರಸ್ತಿಯ ಮಾತೇ ಬೇಡ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ, ಹತ್ತಿರದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ, ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಹಿಡಿಯಿರಿ. ಆಳ, ಒಳವ್ಯಾಸ, ಎಷ್ಟು ಪೈಪ್ ಯಾವ ದಿಕ್ಕಿನಿಂದ ಬರುತ್ತವೆ, ತಳದಿಂದ ಎಷ್ಟು ಎತ್ತರದಲ್ಲಿ ಸೇರುತ್ತವೆ ಎಂಬುದನ್ನು ಅಳೆದು ಬರೆಯಿರಿ. ಡಾಂಬರಿನಡಿ ಹುಗಿದುಹೋದ ಗುಂಡಿಗಳು ಆಗಲೇ ಸಿಗುತ್ತವೆ: ಚಿಕ್ಕ ಸಾಲಿನಲ್ಲಿ ಸುಮಾರು 30 ಮೀಟರಿಗೊಂದು ಇರಬೇಕಾದದ್ದು, ಎಲ್ಲಾದರೂ 60 ಮೀಟರ್ ಖಾಲಿ ಕಂಡರೆ ನಡುವೆ ಒಂದು ಮುಚ್ಚಿಹೋಗಿದೆ ಎಂದೇ ತಿಳಿದು ಹುಡುಕಿ.

ಈಗ ಕಾಯಿಲೆಯ ಮೂಲಕ್ಕೆ ಬರೋಣ. ಮುಚ್ಚಳ ಕೂರುವ ಕಬ್ಬಿಣದ ಚೌಕಟ್ಟಿಗೂ ಕೆಳಗಿನ ಗೋಡೆಗೂ ನಡುವೆ ಒಂದೆರಡು ಅಡಿಯ ಕುತ್ತಿಗೆ ಇರುತ್ತದೆ. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಆ ಕುತ್ತಿಗೆಯ ಮೇಲೆ ಎರಡು ಸಾಲು ಇಟ್ಟಿಗೆ ಏರಿಸಿ, ಕೈಗೆ ಸಿಕ್ಕ ಗಾರೆ ಮೆತ್ತಿ, ಚೌಕಟ್ಟು ಕೂರಿಸಿ ಹೋಗುತ್ತಾರೆ. ಇಡೀ ಆಳುಗುಂಡಿಯಲ್ಲಿ ಅತ್ಯಂತ ದುರ್ಬಲವಾದ ಭಾಗ ಅದೇ, ಲಾರಿಯ ಗಾಲಿ ಬೀಳುವುದೂ ಅದರ ಮೇಲೆಯೇ. ಅದರ ಸುತ್ತ ನಮ್ಮ ಎರೆಮಣ್ಣು. ಏಪ್ರಿಲ್, ಮೇ ತಿಂಗಳಲ್ಲಿ ಹೊಲಕ್ಕೆ ಹೋದರೆ ಕೈ ತೂರುವಷ್ಟು ಅಗಲದ ಬಿರುಕು ಬಿಟ್ಟಿರುತ್ತದಲ್ಲ, ರಸ್ತೆಯಡಿಯ ಮಣ್ಣೂ ಅದೇ ಮಣ್ಣು. ಬೇಸಿಗೆಯಲ್ಲಿ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತದೆ, ಮಳೆಗೆ ಉಬ್ಬಿ ಕುತ್ತಿಗೆಯನ್ನು ಪಕ್ಕಕ್ಕೆ ನೂಕುತ್ತದೆ. ಹೀಗೆ ಹತ್ತು ವರ್ಷ ಎಳೆದಾಡಿದ ಮೇಲೆ ಚೌಕಟ್ಟು ಒಂದು ಕಡೆ, ಕುತ್ತಿಗೆ ಇನ್ನೊಂದು ಕಡೆ. ಆ ಬಿರುಕಿನಿಂದ ರಸ್ತೆಯ ಮಳೆನೀರು ಧಾರೆಯಾಗಿ ಒಳಗೆ ಸುರಿಯುತ್ತದೆ. ಮನೆಗಳ ಕೊಳಚೆಗೆ ಲೆಕ್ಕ ಹಾಕಿ ಹಾಕಿದ ಪೈಪ್ ಆ ನೀರನ್ನು ಹೊರಲಾರದೆ, ಸಾಲಿನ ತಗ್ಗಿನಲ್ಲಿರುವ ಗುಂಡಿಯಲ್ಲಿ ಉಕ್ಕುತ್ತದೆ. ಉಕ್ಕುವ ಗುಂಡಿಗೆ ಎಷ್ಟು ಮುಚ್ಚಳ ಬದಲಾಯಿಸಿದರೂ ಏನಾಗಬೇಕು? ಒಡೆದ ಕುತ್ತಿಗೆಗಳು ಮೇಲಿನ ಬೀದಿಯಲ್ಲಿವೆ.

ಆದ್ದರಿಂದ ಜೋರು ಮಳೆಯ ದಿನ, ರಸ್ತೆಗೆ ಅಡ್ಡಗಟ್ಟೆ ಇಟ್ಟುಕೊಂಡು, ಉಕ್ಕುವ ಜಾಗದಿಂದ ಮೇಲಕ್ಕೆ ಒಂದೊಂದೇ ಮುಚ್ಚಳ ತೆಗೆದು ನೋಡುತ್ತಾ ಹೋಗಿ. ಮಳೆ ನಿಂತ ಮೇಲೆ ನಸುಕಿನ ಮೂರು ಗಂಟೆಗೆ ಮತ್ತೊಮ್ಮೆ ನೋಡಿ. ಊರೆಲ್ಲ ಮಲಗಿರುವ ಆ ಹೊತ್ತಿನಲ್ಲೂ ತಿಳಿನೀರು ಹರಿಯುತ್ತಿದ್ದರೆ, ಭೂಮಿಯೊಳಗಿನ ನೀರು ಗೋಡೆಯಿಂದಲೋ ಪೈಪಿನ ಸಂದಿನಿಂದಲೋ ಒಳಗೆ ಬರುತ್ತಿದೆ, ಇಲ್ಲವೇ ಕುಡಿಯುವ ನೀರಿನ ಪೈಪ್ ಸೋರುತ್ತಿದೆ. ನಲ್ಲಿ ನೀರು ಬಿಡುವ ದಿನ ಮತ್ತು ಬಿಡದ ದಿನ ಎರಡನ್ನೂ ಹೋಲಿಸಿದರೆ ಅದೂ ತಿಳಿಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬರುವ ನಮ್ಮ ಊರುಗಳಲ್ಲಿ ಈ ಹೋಲಿಕೆ ತುಂಬ ಉಪಯೋಗಕ್ಕೆ ಬಂದಿದೆ.

ನನ್ನಿಂದಾದ ಒಂದು ತಪ್ಪನ್ನು ಹೇಳುತ್ತೇನೆ, ನೀವು ಅದನ್ನು ಮಾಡಬಾರದು ಎಂಬ ಕಾರಣಕ್ಕೆ. ಊರಿನ ಹೆಸರು ಬೇಡ. ಒಂದು ಗುಂಡಿಯ ತಳದ ದಂಡೆಯ ಮೇಲೆ ಬೊಗಸೆಯಷ್ಟು ನುಣ್ಣನೆಯ ಕಪ್ಪು ಮಣ್ಣು ಬಿದ್ದಿತ್ತು. ‘ಹೂಳು, ಸ್ವಚ್ಛಗೊಳಿಸಬೇಕು’ ಎಂದು ಬರೆದು ಮುಂದೆ ಹೋದೆ. ನಮ್ಮ ತಂಡದ ಹಿರಿಯರೊಬ್ಬರು, ನಾವೆಲ್ಲ ಕಾಕಾ ಎನ್ನುತ್ತಿದ್ದೆವು, ‘ಸಾಹೇಬರೇ, ಇದು ಕೊಳಚೆಯ ಹೂಳಲ್ಲ, ಹೊಲದ ಮಣ್ಣು. ಎಲ್ಲಿಂದ ಬಂತು ನೋಡಿ’ ಎಂದರು. ಸಂಜೆಯಾಗಿತ್ತು, ಇನ್ನೂ ಹನ್ನೆರಡು ಗುಂಡಿ ಬಾಕಿ ಇದ್ದವು, ನಾನು ನೋಡಲಿಲ್ಲ. ಸೆಪ್ಟೆಂಬರಿನ ಮಳೆಗೆ ಆ ಗುಂಡಿಯ ಪಕ್ಕದ ರಸ್ತೆ ಕುಸಿದು ನೀರಿನ ಟ್ಯಾಂಕರಿನ ಹಿಂದಿನ ಗಾಲಿ ಅಚ್ಚಿನವರೆಗೆ ಇಳಿಯಿತು. ಪೈಪ್ ಗೋಡೆಗೆ ಸೇರುವ ಸಂದಿನಿಂದ ನೀರಿನೊಡನೆ ಮಣ್ಣು ಸ್ವಲ್ಪ ಸ್ವಲ್ಪವೇ ಒಳಗೆ ಬಂದು, ಹೊರಗೆ ಒಬ್ಬ ಮನುಷ್ಯ ಕೂರುವಷ್ಟು ಪೊಳ್ಳು ಆಗಿತ್ತು. ಶಾಲೆ ಬಿಡುವ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು. ಆ ಬೊಗಸೆ ಮಣ್ಣು ಈಗಲೂ ನನ್ನ ಕಣ್ಣ ಮುಂದಿದೆ. ಗುಂಡಿಯೊಳಗೆ ಕಂಡದ್ದನ್ನು ಬರೆಯುವಾಗ ಅದು ಎಲ್ಲಿಂದ ಬಂತು ಎಂಬುದನ್ನೂ ಬರೆಯಿರಿ. ಗೋಡೆಯ ಮೇಲಿನ ಜಿಡ್ಡಿನ ಗೆರೆ ಕೊಳಚೆ ಎಷ್ಟು ಎತ್ತರಕ್ಕೆ ನಿಂತಿತ್ತೆಂದು ಹೇಳುತ್ತದೆ. ಬಿಳಿಯ ಸುಣ್ಣದ ಜಾಡು ಹಿಂದಿನಿಂದ ನೀರು ಜಿನುಗುತ್ತಿರುವುದರ ಗುರುತು.

ಆಮ್ಲದ ಸವೆತ ಬೇರೆಯೇ ಕಥೆ. ಪೈಪಿನ ಒಳಮೈಗೆ ಅಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ಕೊಳಚೆಯ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಕೊಳಚೆ ಮೇಲಿನಿಂದ ಧುಮುಕುವ ಗುಂಡಿಯಲ್ಲಿ ಅದು ಅನಿಲವಾಗಿ ಮೇಲೆದ್ದು ತೇವದ ಗೋಡೆಗೆ ಹತ್ತುತ್ತದೆ. ಅಲ್ಲಿ ಬೇರೆ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿಸುತ್ತವೆ. ಸಿಮೆಂಟು ಜಿಪ್ಸಂ ಆಗಿ ಮೊಸರಿನಂತೆ ಮೆತ್ತಗಾಗುತ್ತದೆ. ಕೊಳಚೆ ಮುಟ್ಟುವ ತಳ ಗಟ್ಟಿಯಾಗಿದ್ದು, ಮೇಲಿನ ಗೋಡೆ ಸವೆದಿದ್ದರೆ ಇದೇ ಕಾರಣ. ಹತ್ತಿಗೆ ಬಣ್ಣ ಹಾಕುವ ಘಟಕದ ನೀರು ಸಾಲಿಗೆ ಸೇರುತ್ತಿದ್ದರೆ ಅದರ ಕೆಳಗಿನ ಗುಂಡಿಗಳನ್ನು ಮೊದಲು ನೋಡಿ. ಬಣ್ಣ ಹಿಡಿಸಲು ಬಳಸುವ ಗ್ಲಾಬರ್ ಲವಣವೆಂದರೆ ಸೋಡಿಯಂ ಸಲ್ಫೇಟ್, ನೀರೂ ಬಿಸಿ. ಎರಡೂ ಆ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಕೋಲಿನ ತುದಿಗೆ ಪಿಎಚ್ ಕಾಗದ ಕಟ್ಟಿ ಒದ್ದೆ ಗೋಡೆಗೆ ಒತ್ತಿ. ಪಿಎಚ್ ಅಂಕ 7ಕ್ಕಿಂತ ಕೆಳಗಿಳಿದಷ್ಟೂ ಆಮ್ಲ ಹೆಚ್ಚು. ಹೊಸ ಕಾಂಕ್ರೀಟಿನದು 12ರ ಮೇಲಿರುತ್ತದೆ. 4ಕ್ಕಿಂತ ಕೆಳಗೆ ತೋರಿಸಿದರೆ ಗೋಡೆಯನ್ನು ಆಮ್ಲ ತಿನ್ನುತ್ತಿದೆ.

ಇಂಥ ಗೋಡೆಯ ಮೇಲೆ ಸಾದಾ ಸಿಮೆಂಟ್ ಪ್ಲಾಸ್ಟರ್ ಮೆತ್ತಿದರೆ ಮೆತ್ತಗಿನ ಜಿಪ್ಸಂ ಸಮೇತ ಹಪ್ಪಳದಂತೆ ಕಳಚಿ ಬೀಳುತ್ತದೆ, ಬಿದ್ದು ಪೈಪಿಗೇ ಅಡ್ಡವಾಗುತ್ತದೆ. ಒತ್ತಡದ ನೀರಿನಿಂದ ಗಟ್ಟಿ ಭಾಗ ಸಿಗುವವರೆಗೆ ತೊಳೆದು, ಜಿನುಗುವ ನೀರನ್ನು ಮೊದಲು ನಿಲ್ಲಿಸಬೇಕು. ಅದಕ್ಕೆ ಗೋಡೆಗೆ ರಂಧ್ರ ಕೊರೆದು ಪಾಲಿಯುರೆಥೇನ್ ಗ್ರೌಟ್ ತುಂಬುತ್ತಾರೆ. ಅದು ನೀರು ತಾಗಿದೊಡನೆ ನೊರೆಯಾಗಿ ಉಬ್ಬಿ ಗೋಡೆಯ ಹಿಂದಿನ ಸಂದುಗಳನ್ನು ತುಂಬುತ್ತದೆ. ಆಮೇಲೆ ಒಳಪದರ. ಆಮ್ಲವಿರುವಲ್ಲಿ ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟ್ ಅಥವಾ ಎಪಾಕ್ಸಿ; ಬರೀ ಸೋರಿಕೆ ಇದ್ದು ಪಿಎಚ್ ಚೆನ್ನಾಗಿದ್ದರೆ ನೀರು ತಡೆಯುವ ಸಿಮೆಂಟ್ ಪದರವೇ ಸಾಕು, ಎಪಾಕ್ಸಿಗೆ ಹಣ ಸುರಿಯಬೇಡಿ. ಕುತ್ತಿಗೆ ಮಾತ್ರ ಹಾಳಾಗಿದ್ದರೆ ಅದನ್ನು ಒಡೆದು ಕಾಂಕ್ರೀಟಿನಲ್ಲಿ ಕಟ್ಟಿಸಿ, ಚೌಕಟ್ಟಿನ ಸಂದಿಗೆ ಬಾಗುವ ರಬ್ಬರ್ ಪಟ್ಟಿ ಹಾಕಿಸಿ, ಸುತ್ತಲಿನ ಎರೆಮಣ್ಣು ತೆಗೆದು ಗರಸು ತುಂಬಿಸಿ. ಗುತ್ತಿಗೆದಾರರು ಅಗೆದ ಎರೆಮಣ್ಣನ್ನೇ ಮರಳಿ ನೂಕುತ್ತಾರೆ, ನಿಂತು ನೋಡಿಕೊಳ್ಳಿ. ಮುಚ್ಚಳ ಬದಲಾಯಿಸಲೇಬೇಕಾದ ಕಡೆ ರಸ್ತೆಗೆ ತಕ್ಕ ದರ್ಜೆ ಕೇಳಿ: ಭಾರತೀಯ ಮಾನಕ ಐಎಸ್ 12592ರ ಪ್ರಕಾರ 2.5, 10, 20, 35 ಟನ್ನಿನವು ಇವೆ. ಲಾರಿ ಓಡುವ ರಸ್ತೆಗೆ 10 ಟನ್ನಿನದು ಹಾಕಿದರೆ ಆ ಹಣ ಹೋದಂತೆಯೇ. ಈ ದುರಸ್ತಿಗಳಿಗೆ ಆಳು ಇಳಿಯಬೇಕಾದಾಗ ಸಾಲನ್ನು ಮೇಲೆ ತಡೆದು ಪಂಪಿನಿಂದ ಕೊಳಚೆ ದಾಟಿಸಿ, ಗಾಳಿ ಊದಿ, ಅನಿಲ ಅಳೆಯುತ್ತಲೇ ಇದ್ದು, ಇಡೀ ಮೈಗೆ ಕಟ್ಟುವ ಸುರಕ್ಷತಾ ಪಟ್ಟಿಗೆ (ಹಾರ್ನೆಸ್) ಹಗ್ಗ ಮತ್ತು ಮೇಲೆ ಎತ್ತುವ ಮುಕ್ಕಾಲಿ ಇದ್ದರೆ ಮಾತ್ರ ಇಳಿಸಿ.

ಪಟ್ಟಿಯಲ್ಲಿ ಯಾವುದು ಮೊದಲು ಎಂಬುದಕ್ಕೆ ಎರಡು ಅಂಕ ಕೊಡಿ. ಸ್ಥಿತಿಗೆ 1ರಿಂದ 5 (5 ಎಂದರೆ ಅತಿ ಕೆಟ್ಟದ್ದು), ಕೆಟ್ಟರೆ ಆಗುವ ಹಾನಿಗೆ 1ರಿಂದ 5, ಎರಡನ್ನೂ ಗುಣಿಸಿ; ಹೆಚ್ಚು ಬಂದದ್ದು ಮೊದಲು. ಸ್ಥಿತಿಯ ಅಂಕವನ್ನು ಸರಾಸರಿ ಮಾಡಬೇಡಿ. ಒಂಬತ್ತು ಭಾಗ ಚೆನ್ನಾಗಿದ್ದು ಪೈಪಿನ ಸಂದು ಮಣ್ಣು ಎಳೆಯುತ್ತಿದ್ದರೆ ಆ ಗುಂಡಿಗೆ 5. ಹಾನಿಯ ಅಂಕದಲ್ಲಿ ನಾನು ಅತಿ ಹೆಚ್ಚು ಕೊಡುವುದು ಕುಡಿಯುವ ನೀರಿನ ಪೈಪಿನ ಪಕ್ಕದ ಗುಂಡಿಗೆ. ನಲ್ಲಿ ನಿಂತ ದಿನಗಳಲ್ಲಿ ಆ ಪೈಪಿನಲ್ಲಿ ಒತ್ತಡವಿರುವುದಿಲ್ಲ. ಸುತ್ತಲಿನ ಮಣ್ಣಿನಲ್ಲಿ ಕೊಳಚೆ ನಿಂತಿದ್ದರೆ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ, ಮರುದಿನ ಮೊದಲ ಕೊಡದಲ್ಲಿ ಅದೇ ಬರುತ್ತದೆ. ನಿಮ್ಮ ಊರಿನ ನೀರು ಸರಬರಾಜಿನ ನಕ್ಷೆಯನ್ನು ನಾಳೆಯೇ ಕೇಳಿ ತರಿಸಿಕೊಳ್ಳಿ. ಅದನ್ನು ಒಳಚರಂಡಿಯ ನಕ್ಷೆಯ ಮೇಲಿಟ್ಟು, ಎರಡೂ ಸಾಲು ಹತ್ತಿರ ಬರುವ ಗುಂಡಿಗಳಿಂದ ಸಂಖ್ಯೆ ಬರೆಯಲು ಆರಂಭಿಸಿ. ನಲ್ಲಿ ಬರುವ ಹಿಂದಿನ ದಿನ ಅವುಗಳ ಮುಚ್ಚಳ ತೆಗೆದು ನೋಡಿದರೆ ಅಲ್ಲಿನ ಕೊಳಚೆಯ ಮಟ್ಟ ಎಷ್ಟಿದೆ ಎಂಬುದು ತಿಳಿಯುತ್ತದೆ. ಅದು ನೀರಿನ ಪೈಪಿಗಿಂತ ಮೇಲಿದ್ದರೆ ಪಟ್ಟಿ ಮುಗಿಯುವವರೆಗೆ ಕಾಯದೆ ಅಂದೇ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.