ಶಾಲೆ ಮೈದಾನಕ್ಕೆ ಕಳೆ ಔಷಧಿ ಹೊಡೆದಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನಮ್ಮೂರ ಸರ್ಕಾರಿ ಶಾಲೆಯ ಮೈದಾನದಲ್ಲಿ ಮಳೆಗೆ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಆಗಸ್ಟ್ 15 ಹತ್ತಿರ ಬಂತು ಅಂತ ಕಳೆ ಔಷಧಿ ಹೊಡೆಸಿದರು. ಮರುದಿನವೇ ಮಕ್ಕಳು ಅಲ್ಲಿ ಬರಿಗಾಲಲ್ಲಿ ಕಬಡ್ಡಿ ಆಡಿದರು. ಮಗಳಿಗೆ ಕಾಲೆಲ್ಲ ತುರಿಕೆ. ಹೆಡ್‌ಮಾಸ್ಟರನ್ನು ಕೇಳಿದರೆ, 'ನೀವು ತೋಟಕ್ಕೆ ಹೊಡೆಯೋದಿಲ್ವಾ?' ಅಂದರು. ನನಗೆ ಉತ್ತರ ತೋಚಲಿಲ್ಲ.
– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಮಗಳನ್ನು ನೋಡಿಕೊಳ್ಳಿ. ಕೈಕಾಲು ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ, ಆ ದಿನದ ಬಟ್ಟೆ ಬೇರೆಯಾಗಿ ಒಗೆಯಿರಿ. ತುರಿಕೆ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹೊಡೆದದ್ದು ಯಾವ ಔಷಧಿ ಅಂತ ಕೇಳಿ, ಹೆಸರು ಬರೆದುಕೊಂಡು ಹೋಗಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ.

ಇನ್ನು ಹೆಡ್‌ಮಾಸ್ಟರ ಮಾತು. ತೋಟಕ್ಕೆ ಹೊಡೆದಾಗ ನಾವು ದೊಡ್ಡವರು ನಡೆದು ಹೋಗುತ್ತೇವೆ, ಅಷ್ಟೇ. ಮಕ್ಕಳು ಹಾಗಲ್ಲ. ಕಬಡ್ಡಿಯಲ್ಲಿ ನೆಲದ ಮೇಲೆ ಉರುಳುತ್ತಾರೆ, ಮಂಡಿ ತರಚಿಕೊಳ್ಳುತ್ತಾರೆ. ಗೆರೆ ಮುಟ್ಟಿದ ಕೈಯಲ್ಲೇ ಚಿಕ್ಕಿ ತಿನ್ನುತ್ತಾರೆ. ತರಚಿದ ಚರ್ಮದಿಂದ ವಿಷ ಬೇಗ ಒಳಗಿಳಿಯುತ್ತದೆ, ಅವರ ಪುಟ್ಟ ಮೈಗೆ ಸ್ವಲ್ಪವೂ ಜಾಸ್ತಿಯೇ. ಎಲ್ಲರೂ ಹೊಡೆಯುವ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ 'ಬಹುಶಃ ಕ್ಯಾನ್ಸರ್ ತರುವಂಥದ್ದು' ಎಂಬ ಪಟ್ಟಿಗೆ ಸೇರಿಸಿತು. ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಅದನ್ನು ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಇಷ್ಟನ್ನು ಮೇಷ್ಟ್ರಿಗೆ ಸಮಾಧಾನದಿಂದ ಹೇಳಿ. ಜಗಳ ಬೇಡ. ಹುಲ್ಲಿನಲ್ಲಿ ಹಾವು ಬಂದರೆ ಅನ್ನೋ ಭಯ ಅವರಿಗೂ ಇರುತ್ತೆ, ಅಲ್ವಾ?

ಆ ಭಯಕ್ಕೆ ದಾರಿ ನಿಮ್ಮೂರಲ್ಲೇ ಇದೆ. ಅಡಿಕೆ ಬೆಳೆಯುವ ಊರು, ಹುಲ್ಲು ಕತ್ತರಿಸುವ ಯಂತ್ರ, ವೀಡ್ ಕಟರ್ ಇರುವ ಮನೆಗಳಿಗೆ ಕೊರತೆಯಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನಾಲ್ಕು ಮನೆಯವರು ಸರದಿ ಮೇಲೆ ಒಪ್ಪಿಕೊಳ್ಳಿ. ಭಾನುವಾರವೇ ಹುಲ್ಲು ಕತ್ತರಿಸಿ, ಬ್ಲೇಡಿಗೆ ಸಿಕ್ಕ ಕಲ್ಲು ದೂರಕ್ಕೆ ಸಿಡಿಯುತ್ತದೆ, ಮಕ್ಕಳು ಹತ್ತಿರ ಇರಬಾರದು. ನಾಚಿಕೆ ಮುಳ್ಳನ್ನು ಮಾತ್ರ ನೆಲ ನೆಂದಿರುವಾಗ ಗುದ್ದಲಿಯಿಂದ ಬೇರು ಸಮೇತ ಕೀಳಬೇಕು. ಕತ್ತರಿಸಿದರೆ ಮತ್ತೆ ಚಿಗುರಿ ಅಂಗಾಲಿಗೆ ಚುಚ್ಚುತ್ತದೆ. ಇನ್ನೊಂದು ಮಾತು: ಕತ್ತರಿಸಿದ ಹುಲ್ಲು ನೆಲ ಹಿಡಿದಿರುತ್ತದೆ. ಔಷಧಿಗೆ ಸತ್ತ ಜಾಗ ಮಳೆಯಲ್ಲಿ ಬರೀ ಕೆಸರು, ಮಕ್ಕಳು ಜಾರಿ ಬೀಳುತ್ತಾರೆ.

ಶಾಲೆಗೆ ಔಷಧಿ ಬೇಡ ಅನ್ನೋ ಊರಿನ ನಿರ್ಣಯ ಬಾಯಿಮಾತಲ್ಲಿ ಉಳಿಯಬಾರದು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಡ್ಸನ್ ಅಂತ ಒಂದು ಚಿಕ್ಕ ಊರು. ಅಲ್ಲಿ ಚರ್ಮರೋಗ ವೈದ್ಯೆ ಜೂನ್ ಇರ್ವಿನ್ ವರ್ಷಗಟ್ಟಲೆ ಊರ ಸಭೆಗೆ ಹೋಗಿ, ಇಂಥ ಔಷಧಿ ಬೇಡ ಅಂತ ಕೇಳಿದರು. 1991ರಲ್ಲಿ ಊರಿನವರು, ಅಂದಕ್ಕೋಸ್ಕರ ಹುಲ್ಲುಹಾಸಿಗೆ ವಿಷ ಹೊಡೆಯಕೂಡದು ಅಂತ ನಿಯಮ ಮಾಡಿದರು. ಔಷಧಿ ಹೊಡೆಯುವ ಕಂಪನಿಗಳು ಕೋರ್ಟಿಗೆ ಹೋದವು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರಿನ ಪರವಾಗಿಯೇ ತೀರ್ಪು ಕೊಟ್ಟಿತು.

ನಿಮಗೂ ಗ್ರಾಮಸಭೆ ಇದೆ, ಮಕ್ಕಳ ಗ್ರಾಮಸಭೆಯೂ ಇದೆ. ಅಲ್ಲಿ ಮಗಳೇ ಎದ್ದು ನಿಂತು ಕೇಳಲಿ. ಶಾಲೆ, ಅಂಗನವಾಡಿ ಆವರಣಕ್ಕೆ ಔಷಧಿ ಹೊಡೆಯಬಾರದು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಇರುವ ಪ್ರತಿ ತೆಗೆದುಕೊಳ್ಳಿ. ಒಂದು ಪ್ರತಿ ಹೆಡ್‌ಮಾಸ್ಟರಿಗೂ ಕೊಡಿ. ಮುಂದಿನ ವರ್ಷ ಬೇರೆಯವರು ಬಂದರೂ ಅದು ಕಡತದಲ್ಲಿರುತ್ತದೆ.